ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ಮತ್ತು ಮನಸ್ಸಿನ ಅಳತೆ

ಮಳೆಗಾಲದ ಬೆಳಗ್ಗೆ ಕೊಡಗಿನ ಯಾವುದಾದರೊಂದು ಮನೆಯಲ್ಲಿ ಬಾನುಲಿಯ ಗುಂಡಿಯನ್ನು ತಿರುಗಿಸಿದರೆ ‘ಆಕಾಶವಾಣಿ, ಮಡಿಕೇರಿ’ ಎಂಬ ಮಾತು ಕೇಳಿಬರುತ್ತದೆ. ದಿನವೂ ಕೇಳುವ ಈ ಹೆಸರು ಎಲ್ಲಿಂದ ಬಂದಿತೆಂದು ನಮ್ಮಲ್ಲಿ ವಿಚಾರಮಾಡಿ ನೋಡಿದವರು ಕಡಮೆ. ಮಡಿಕೇರಿಯಿಂದ ಸುಮಾರು 120 ಕಿಲೋಮೀಟರ್ ದೂರದ ಮೈಸೂರಿನಲ್ಲಿ, 1935ನೆಯ ಇಸವಿ ಸೆಪ್ಟೆಂಬರ್ 10ರಂದು, ಒಂದು ಖಾಸಗಿ ಮನೆಯಿಂದ ಪ್ರಸಾರ ಆರಂಭವಾಯಿತು. ಆ ನಿಲಯಕ್ಕೆ ಇಟ್ಟ ಹೆಸರೇ ‘ಆಕಾಶವಾಣಿ’. ಮನೆಯ ಯಜಮಾನರು ವಿದ್ಯುತ್ ಎಂಜಿನಿಯರರೂ ಅಲ್ಲ, ವ್ಯಾಪಾರಿಗಳೂ ಅಲ್ಲ. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರವನ್ನು ಬೋಧಿಸುತ್ತಿದ್ದ ಪ್ರಾಧ್ಯಾಪಕ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು.

ಇಂದು ಅವರ ಹೆಸರನ್ನು ಜನ ನೆನೆಯುವುದು ಹೆಚ್ಚಾಗಿ ಈ ಬಾನುಲಿಯ ಕಾರಣದಿಂದಲೇ. ಆದರೆ ಅವರ ಜೀವನದ ಮುಖ್ಯ ಉದ್ಯೋಗ ಮನಸ್ಸಿನ ಅಧ್ಯಯನವಾಗಿತ್ತು. ಅವರ ಬದುಕಿನ ಈ ಎರಡು ಕೆಲಸಗಳಿಗೂ ಒಳಗೊಳಗೆ ಒಂದು ಸಂಬಂಧವಿದೆಯೆಂದು ನಮಗೆ ತೋರುತ್ತದೆ. ಆ ಸಂಬಂಧವನ್ನು ವಿದ್ಯಾರ್ಥಿಗಳ ಮುಂದಿಡುವುದೇ ಅವರನ್ನು ಸ್ಮರಿಸುವ ಉತ್ತಮವಾದ ರೀತಿ.

ಪ್ರಯೋಗಶಾಲೆಗೆ ಬಂದ ಮನಸ್ಸು

ಮನಸ್ಸನ್ನು ಕುರಿತ ವಿಚಾರ ನಮ್ಮ ದೇಶಕ್ಕೆ ಹೊಸದಲ್ಲ. ಆದರೆ ಮನಸ್ಸಿನ ವ್ಯಾಪಾರಗಳನ್ನು ಗಡಿಯಾರ, ಅಳತೆಗೋಲು, ಅಂಕಿ-ಅಂಶಗಳ ನೆರವಿನಿಂದ ಪರೀಕ್ಷಿಸುವ ಪದ್ಧತಿ ಈಚಿನದು. 1879ರಲ್ಲಿ ಜರ್ಮನಿಯ ಲೈಪ್ಜಿಗ್ ನಗರದಲ್ಲಿ ವಿಲ್‌ಹೆಲ್ಮ್ ವುಂಟ್ ಎಂಬ ಪಂಡಿತರು ತೆರೆದ ಪ್ರಯೋಗಶಾಲೆಯಿಂದ ಈ ಹೊಸ ಶಾಸ್ತ್ರದ ಆರಂಭವನ್ನು ಲೆಕ್ಕಹಾಕುವುದು ವಾಡಿಕೆ. ಭಾರತದಲ್ಲಿ ಮನಶ್ಶಾಸ್ತ್ರಕ್ಕೆ ಪ್ರತ್ಯೇಕವಾದ ವಿಭಾಗ ಮೊದಲು ಏರ್ಪಟ್ಟುದು ಕಲ್ಕತ್ತೆಯ ವಿಶ್ವವಿದ್ಯಾನಿಲಯದಲ್ಲಿ, 1916ರಲ್ಲಿ. ಅದಾದ ಎಂಟು ವರ್ಷಗಳಿಗೆ, 1924ರಲ್ಲಿ, ಮೈಸೂರು ಆ ದಾರಿಯನ್ನು ಹಿಡಿಯಿತು. ಆಗ ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದವರು ತತ್ತ್ವಜ್ಞಾನಿ ಬ್ರಜೇಂದ್ರನಾಥ ಸೀಲರು. ಮನಶ್ಶಾಸ್ತ್ರದ ವಿಭಾಗವನ್ನು ಕಟ್ಟುವ ಹೊಣೆ ಲಂಡನ್ನಿನಲ್ಲಿ ವ್ಯಾಸಂಗ ಮುಗಿಸಿ ಬಂದಿದ್ದ ಗೋಪಾಲಸ್ವಾಮಿಯವರ ಪಾಲಿಗೆ ಬಂದಿತು.

ಲಂಡನ್ನಿನಲ್ಲಿ ಅವರ ಗುರುಗಳು ಚಾರ್ಲ್ಸ್ ಸ್ಪಿಯರ್‌ಮನ್. ಬುದ್ಧಿಶಕ್ತಿಯನ್ನು ಗಣಿತದ ಮೂಲಕ ವಿಚಾರಮಾಡಿದವರಲ್ಲಿ ಇವರು ಅಗ್ರಗಣ್ಯರು. ಅಲ್ಲಿಂದ ಗೋಪಾಲಸ್ವಾಮಿಯವರು ತಂದುದು ಪುಸ್ತಕಜ್ಞಾನವನ್ನು ಮಾತ್ರವಲ್ಲ. ಭಾರತದಲ್ಲಿ ಪ್ರಾಣಿಗಳ ನಡವಳಿಕೆಯನ್ನು ಪರೀಕ್ಷಿಸುವ ಮೊದಲ ಮನಶ್ಶಾಸ್ತ್ರೀಯ ಪ್ರಯೋಗಶಾಲೆಯನ್ನು ಮೈಸೂರಿನಲ್ಲಿ ಏರ್ಪಡಿಸಿದ ಕೀರ್ತಿಯೂ ಅವರಿಗೆ ಸಲ್ಲುತ್ತದೆ. ಪಾಶ್ಚಾತ್ಯ ದೇಶಗಳ ಬುದ್ಧಿಪರೀಕ್ಷೆಗಳನ್ನು ಈ ನಾಡಿನ ಬಳಕೆಗೆ ಹೊಂದಿಸುವ ಕೆಲಸವನ್ನೂ ಅವರು ಕೈಗೆತ್ತಿಕೊಂಡರು.

ಆ ಕಾಲದಲ್ಲಿ ಕೊಡಗು ಮೈಸೂರು ಸಂಸ್ಥಾನಕ್ಕೆ ಸೇರಿರಲಿಲ್ಲ; ಅದು ಸೇರಿದುದು 1956ನೆಯ ನವೆಂಬರ್ 1ರಂದು. ಮಡಿಕೇರಿಯಲ್ಲಿ ಸರ್ಕಾರಿ ಕಾಲೇಜು ತೆರೆದುದು 1949ರಲ್ಲಿ. ಅದಕ್ಕೆ ಮೊದಲು ಕೊಡಗಿನ ತರುಣರು ಉನ್ನತ ವ್ಯಾಸಂಗಕ್ಕೆಂದು ಮೈಸೂರಿಗೋ ಮಂಗಳೂರಿಗೋ ಮದ್ರಾಸಿಗೋ ಹೋಗಬೇಕಾಗಿತ್ತು. ಮನೆಯ ಮಾತೊಂದು, ಶಾಲೆಯ ಮಾತೊಂದು, ಕಾಲೇಜಿನ ಮಾತು ಮತ್ತೊಂದು ಎಂಬ ಸ್ಥಿತಿಯನ್ನು ಅವರು ಚೆನ್ನಾಗಿ ಅನುಭವಿಸಿದ್ದರು. ಈ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕು. ಮುಂದಿನ ವಿಚಾರಕ್ಕೆ ಅದು ಬೇಕಾಗುತ್ತದೆ.

ಕನ್ನಡಿಯ ಮುಂದೆ ಒಂದು ಪ್ರಯೋಗ

ಗೋಪಾಲಸ್ವಾಮಿಯವರ ಮೊದಲ ಸಂಶೋಧನೆಗಳು ಕೈಕೆಲಸವನ್ನು ಕಲಿಯುವ ಬಗೆಯನ್ನೂ ಅದರಲ್ಲಿ ಬುದ್ಧಿಯ ಪಾತ್ರವನ್ನೂ ಕುರಿತವು. ಇವು 1920ರ ದಶಕದಲ್ಲಿ ಬ್ರಿಟನ್ನಿನ ಮನಶ್ಶಾಸ್ತ್ರ ಪತ್ರಿಕೆಯಲ್ಲಿ ಪ್ರಕಟವಾದವು. ಕೈ ಕಲಿಯುವ ರೀತಿಯನ್ನು ತೋರಿಸುವ ಸುಲಭವಾದ ಪ್ರಯೋಗವೊಂದನ್ನು ನಮ್ಮ ವಿದ್ಯಾರ್ಥಿಗಳು ಮನೆಯಲ್ಲಿಯೇ ಮಾಡಿನೋಡಬಹುದು.

ಒಂದು ಕಾಗದದ ಮೇಲೆ ದೊಡ್ಡದೊಂದು ನಕ್ಷತ್ರವನ್ನು ಜೋಡಿಗೆರೆಗಳಿಂದ ಬರೆಯಿರಿ. ಗೆರೆಗಳ ನಡುವೆ ಅರ್ಧ ಸೆಂಟಿಮೀಟರಿನಷ್ಟು ಹಾದಿ ಇರಲಿ. ಕಾಗದದ ಆಚೆಗೆ ಒಂದು ಕನ್ನಡಿಯನ್ನು ನೆಟ್ಟಗೆ ನಿಲ್ಲಿಸಿ, ಕೈಯೂ ಕಾಗದವೂ ನೇರವಾಗಿ ಕಾಣದಂತೆ ರಟ್ಟಿನ ಮರೆಯನ್ನು ಹಿಡಿಯಿರಿ. ಕನ್ನಡಿಯಲ್ಲಿ ಮಾತ್ರ ನೋಡುತ್ತ ಪೆನ್ಸಿಲನ್ನು ಆ ಹಾದಿಯಲ್ಲಿ ಒಂದು ಸುತ್ತು ನಡೆಸಬೇಕು. ಹಿಡಿದ ಕಾಲವನ್ನೂ ಪೆನ್ಸಿಲು ಗೆರೆಯನ್ನು ದಾಟಿದ ಸಲಗಳನ್ನೂ ಬರೆದಿಡಬೇಕು. ಮೊದಲ ಸಲ ಕೈ ನಾವು ಹೇಳಿದತ್ತ ಹೋಗುವುದೇ ಇಲ್ಲ. ಮೂಲೆಗಳಲ್ಲಿ ಸಿಕ್ಕಿಕೊಂಡು ತಡವರಿಸುತ್ತದೆ. ಹತ್ತು ಸಲ ಮಾಡಿದ ಮೇಲೆ ಅಂಕಿಗಳನ್ನು ನಕ್ಷೆಯಲ್ಲಿ ಗುರುತಿಸಿ ನೋಡಿರಿ. ಕಾಲವೂ ತಪ್ಪುಗಳೂ ಮೊದಮೊದಲು ಬೇಗನೆ, ಆಮೇಲೆ ನಿಧಾನವಾಗಿ ಇಳಿಯುವುದು ಕಾಣುತ್ತದೆ.

ಈಗ ಇನ್ನೊಂದು ಪ್ರಶ್ನೆ. ಬಲಗೈ ಕಲಿತುದರ ಲಾಭ ಎಡಗೈಗೂ ಸಿಕ್ಕುವುದೇ? ಇದನ್ನು ತಿಳಿಯಲು ಮೊದಲಿಗೆ ಎಡಗೈಯಿಂದ ಒಂದು ಸಲ, ಬಳಿಕ ಬಲಗೈಯಿಂದ ಹತ್ತು ಸಲ, ಕೊನೆಗೆ ಮತ್ತೆ ಎಡಗೈಯಿಂದ ಒಂದು ಸಲ ಬರೆಯಬೇಕು. ಆದರೆ ಎಡಗೈ ಸುಧಾರಿಸಿದರೆ ಅದು ತನ್ನ ಮೊದಲ ಯತ್ನದ ಫಲವೋ ಬಲಗೈಯ ಅಭ್ಯಾಸದ ಫಲವೋ ಎಂಬ ಸಂದೇಹ ಉಳಿಯುತ್ತದೆ. ಆದುದರಿಂದ ಒಬ್ಬ ಗೆಳೆಯನಿಂದ ಎಡಗೈಯ ಎರಡು ಯತ್ನಗಳನ್ನು ಮಾತ್ರ ಮಾಡಿಸಿ, ನಡುವಣ ಹೊತ್ತಿನಲ್ಲಿ ಅವನನ್ನು ಸುಮ್ಮನೆ ಕೂರಿಸಬೇಕು. ಇಬ್ಬರ ಸುಧಾರಣೆಯನ್ನು ಹೋಲಿಸಿದಾಗ ಉತ್ತರ ದೊರೆಯುತ್ತದೆ. ಹಲವು ಜೋಡಿಗಳಿಂದ ಮಾಡಿಸಿದರೆ ಉತ್ತರ ಇನ್ನೂ ದೃಢವಾಗುತ್ತದೆ. ಒಂದು ಕೈಯ ಅಭ್ಯಾಸ ಇನ್ನೊಂದಕ್ಕೂ ಸ್ವಲ್ಪಮಟ್ಟಿಗೆ ಹರಿಯುವುದೆಂದು ಸಂಶೋಧಕರು ಕಂಡುಕೊಂಡಿದ್ದಾರೆ.

ಈ ಕನ್ನಡಿಯ ನಕ್ಷತ್ರ ಮುಂದೆ ಒಂದು ದೊಡ್ಡ ಸತ್ಯವನ್ನು ತೋರಿಸಿಕೊಟ್ಟಿತು. ಅಮೆರಿಕದ ಹೆನ್ರಿ ಮೊಲೈಸನ್ ಎಂಬುವರಿಗೆ 1953ರಲ್ಲಿ ಅಪಸ್ಮಾರವನ್ನು ತಡೆಯಲೆಂದು ಮಿದುಳಿನ ಶಸ್ತ್ರಚಿಕಿತ್ಸೆ ನಡೆಯಿತು. ಅಂದಿನಿಂದ ಅವರಿಗೆ ಹೊಸದಾಗಿ ನಡೆದ ಸಂಗತಿ ಯಾವುದೂ ನೆನಪಿನಲ್ಲಿ ನಿಲ್ಲದಾಯಿತು. ಕೆನಡಾದ ಬ್ರೆಂಡಾ ಮಿಲ್ನರ್ ಅವರು ಮೊಲೈಸನ್ನರಿಂದ ಕನ್ನಡಿಯ ನಕ್ಷತ್ರವನ್ನು ಮೂರು ದಿನ ಬರೆಸಿದರು. ತಾವು ಇದನ್ನು ಹಿಂದೆ ಮಾಡಿದ್ದೆವೆಂಬ ನೆನಪು ಮೊಲೈಸನ್ನರಿಗೆ ಪ್ರತಿದಿನವೂ ಇರಲಿಲ್ಲ. ಆದರೂ ಅವರ ಕೈ ದಿನದಿಂದ ದಿನಕ್ಕೆ ನುರಿತಿತು! 1962ರಲ್ಲಿ ಪ್ರಕಟವಾದ ಈ ಫಲಿತಾಂಶದಿಂದ, ಸಂಗತಿಗಳ ನೆನಪೂ ಕೈಯ ಕೌಶಲವೂ ಮಿದುಳಿನಲ್ಲಿ ಬೇರೆ ಬೇರೆ ಏರ್ಪಾಡುಗಳನ್ನು ಅವಲಂಬಿಸಿವೆಯೆಂದು ತಿಳಿದುಬಂದಿತು.

ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ‘ನೆನ್ನೆ ಏನು ಮಾಡಿದಿರಿ?’ ಎಂದು ಮಾತ್ರ ಕೇಳಿ ಬಿಟ್ಟಿದ್ದರೆ, ಈ ಮನುಷ್ಯ ಏನನ್ನೂ ಕಲಿಯಲಾರನೆಂದು ತೀರ್ಮಾನವಾಗುತ್ತಿತ್ತು. ಕೇಳುವ ರೀತಿಯನ್ನು ಬದಲಿಸಿದುದರಿಂದ ಒಳಗಿದ್ದ ಶಕ್ತಿ ಹೊರಗೆ ಕಂಡಿತು. ನಾವು ಕೇಳುವ ಪ್ರಶ್ನೆಗೆ ತಕ್ಕಂತೆ ನಮಗೆ ಉತ್ತರ ಸಿಕ್ಕುತ್ತದೆ. ಮನಸ್ಸನ್ನು ಅಳೆಯಹೊರಟವರು ಮರೆಯಬಾರದ ಮೊದಲ ಪಾಠವಿದು.

ಬುದ್ಧಿಯ ಅಳತೆ

ಈಗ ಸ್ಪಿಯರ್‌ಮನ್ನರ ಸಂಶೋಧನೆಗೆ ಬರೋಣ. ಶಾಲೆಯ ಮಕ್ಕಳ ಅಂಕಗಳನ್ನು ಪರಿಶೀಲಿಸಿದರೆ, ಒಂದು ವಿಷಯದಲ್ಲಿ ಮುಂದಿರುವ ಮಗು ಇತರ ವಿಷಯಗಳಲ್ಲಿಯೂ ಸಾಮಾನ್ಯವಾಗಿ ಮುಂದಿರುವುದು ಕಾಣುತ್ತದೆ. ಇದು ಪ್ರತಿಯೊಬ್ಬರಿಗೂ ತಪ್ಪದೆ ಅನ್ವಯಿಸುವ ನಿಯಮವಲ್ಲ. ಗುಂಪಿನಲ್ಲಿ ಕಾಣುವ ಒಲವು. ಎಲ್ಲ ಬೌದ್ಧಿಕ ಕೆಲಸಗಳಿಗೂ ಸಮಾನವಾದ ಒಂದು ಸಾಮಾನ್ಯಾಂಶವೂ, ಆಯಾ ಕೆಲಸಕ್ಕೇ ಸೀಮಿತವಾದ ವಿಶೇಷಾಂಶಗಳೂ ಇವೆಯೆಂದು ಸ್ಪಿಯರ್‌ಮನ್ನರು 1904ರಲ್ಲಿ ಪ್ರತಿಪಾದಿಸಿದರು. ಈ ಸಾಮಾನ್ಯಾಂಶ ಲೆಕ್ಕಾಚಾರದಿಂದ ತೋರಿಬಂದ ಒಂದು ಕ್ರಮವೇ ಹೊರತು, ಮಿದುಳಿನಲ್ಲಿ ಕೈಯಿಟ್ಟು ತೋರಿಸಬಹುದಾದ ಅಂಗವಲ್ಲ. ಅದರ ಅರ್ಥವೇನೆಂಬುದು ಇಂದಿಗೂ ಚರ್ಚೆಯ ವಿಷಯ.

ಅತ್ತ ಪ್ಯಾರಿಸ್ಸಿನಲ್ಲಿ ಆಲ್‌ಫ್ರೆಡ್ ಬಿನೆ ಮತ್ತು ಸಿಮೋನ್ ಎಂಬುವರು 1905ರಲ್ಲಿ ಮಕ್ಕಳಿಗಾಗಿ ಒಂದು ಪ್ರಶ್ನಾವಳಿಯನ್ನು ರಚಿಸಿದರು. ಶಾಲೆಯಲ್ಲಿ ಹಿಂದುಳಿಯುವ ಮಕ್ಕಳನ್ನು ಗುರುತಿಸಿ ಅವರಿಗೆ ಹೆಚ್ಚಿನ ನೆರವು ನೀಡುವುದು ಇದರ ಉದ್ದೇಶವಾಗಿತ್ತು. ಎಂಟು ವರ್ಷದ ಮಕ್ಕಳಲ್ಲಿ ಬಹುಮಂದಿ ಮಾಡಬಲ್ಲ ಪ್ರಶ್ನೆಗಳನ್ನು ಒಂದು ಮಗು ಮಾಡಿದರೆ ಅದರ ‘ಮಾನಸಿಕ ವಯಸ್ಸು’ ಎಂಟು. ಮಾನಸಿಕ ವಯಸ್ಸನ್ನು ನಿಜವಾದ ವಯಸ್ಸಿನಿಂದ ಭಾಗಿಸಿ ನೂರರಿಂದ ಗುಣಿಸಿದರೆ ಬರುವ ಸಂಖ್ಯೆಯೇ ‘ಬುದ್ಧಿಲಬ್ಧ’. ಹತ್ತು ವರ್ಷದ ಮಗುವಿನ ಮಾನಸಿಕ ವಯಸ್ಸು ಹನ್ನೆರಡಾದರೆ ಬುದ್ಧಿಲಬ್ಧ 120, ಎಂಟಾದರೆ 80. ಈಗಿನ ಪರೀಕ್ಷೆಗಳಲ್ಲಿ ಹೀಗೆ ಭಾಗಿಸುವುದನ್ನು ಬಿಟ್ಟು, ಅದೇ ವಯಸ್ಸಿನ ಗುಂಪಿನ ಸರಾಸರಿಗೆ ಹೋಲಿಸಿ ಲೆಕ್ಕಹಾಕುತ್ತಾರೆ.

ಸಂಖ್ಯೆಯೊಂದು ಕೈಗೆ ಬಂದೊಡನೆ ಅದನ್ನು ಪೂರ್ಣಸತ್ಯವೆಂದು ನಂಬುವುದು ಮನುಷ್ಯಸ್ವಭಾವ. ಅಮೆರಿಕದಲ್ಲಿ 1913ರ ಸುಮಾರಿಗೆ ಹೆನ್ರಿ ಗಾಡರ್ಡ್ ಎಂಬುವರು ಬೇರೆ ದೇಶಗಳಿಂದ ಹಡಗಿನಲ್ಲಿ ಬಂದಿಳಿದ ಬಡ ವಲಸೆಗಾರರಿಗೆ ಬುದ್ಧಿಪರೀಕ್ಷೆಗಳನ್ನು ಮಾಡಿಸಿದರು. ಪರೀಕ್ಷಿಸಿದ ಗುಂಪುಗಳಲ್ಲಿ ಬಹುಮಂದಿ ಮಂದಬುದ್ಧಿಯವರೆಂಬ ತೀರ್ಮಾನ ಹೊರಬಿದ್ದಿತು. ಮುಂದೆ ಗಾಡರ್ಡರೇ ತಮ್ಮ ಹಳೆಯ ಅಭಿಪ್ರಾಯಗಳನ್ನು ಬಹಳಮಟ್ಟಿಗೆ ತಿದ್ದಿಕೊಂಡರು. ಮೊದಲ ಮಹಾಯುದ್ಧದ ಕಾಲದಲ್ಲಿ, ಓದುಬರಹ ಬಾರದ ಮತ್ತು ಇಂಗ್ಲಿಷ್ ತಿಳಿಯದ ಸೈನಿಕರಿಗಾಗಿ ಅಲ್ಲಿ ಚಿತ್ರಗಳ ಪರೀಕ್ಷೆಯೊಂದನ್ನು ಬಳಸಿದರು. ಚಿತ್ರದಲ್ಲಿ ಇಲ್ಲದಿರುವುದು ಯಾವುದೆಂದು ಹೇಳಬೇಕು. ಒಂದು ಚಿತ್ರದಲ್ಲಿ ಬಲೆಯಿಲ್ಲದ ಟೆನಿಸ್ ಅಂಗಳ. ಇನ್ನೊಂದರಲ್ಲಿ ಕಹಳೆಯಿಲ್ಲದ ಗ್ರಾಮಫೋನು! ಟೆನಿಸನ್ನು ಕಂಡರಿಯದವನಿಗೆ ಬಲೆಯಿಲ್ಲವೆಂಬುದು ತಿಳಿಯುವುದು ಹೇಗೆ? ಅವನ ಬುದ್ಧಿಯನ್ನು ಅಳೆದೆವೆಂದುಕೊಂಡವರು ಅಳೆದುದು ಅವನ ಪರಿಚಯದ ವ್ಯಾಪ್ತಿಯನ್ನು ಮಾತ್ರ.

ಕೊಡಗಿನಲ್ಲಿ ಈ ಪ್ರಶ್ನೆ

ಈ ತೊಡಕು ದೂರದೇಶದ್ದೆಂದು ತಿಳಿಯಬೇಕಾಗಿಲ್ಲ. ಕೊಡಗು ಚಿಕ್ಕ ಜಿಲ್ಲೆ. ಆದರೆ ಅಲ್ಲಿನ ಮನೆಗಳಲ್ಲಿ ಕೊಡವ ತಕ್ಕ್, ಅರೆಭಾಷೆ, ಕನ್ನಡ, ತುಳು, ಮಲೆಯಾಳಗಳಲ್ಲದೆ ಯರವರ ಮತ್ತು ಕುರುಬರ ನುಡಿಗಳೂ ಬಳಕೆಯಲ್ಲಿವೆ. ಶಾಲೆಗೆ ಬಂದ ಮಗುವಿಗೆ ಪಾಠ ನಡೆಯುವುದು ಕನ್ನಡದಲ್ಲಿ ಇಲ್ಲವೇ ಇಂಗ್ಲಿಷಿನಲ್ಲಿ. ಮನೆಯಲ್ಲಿ ಯರವರ ನುಡಿಯನ್ನಾಡುವ ಆರು ವರ್ಷದ ಬಾಲಕಿಗೆ ಪರೀಕ್ಷಕರು ಪುಸ್ತಕದ ಕನ್ನಡದಲ್ಲಿ ಪ್ರಶ್ನೆ ಕೇಳುತ್ತಾರೆಂದು ಭಾವಿಸೋಣ. ಆಕೆ ಮೌನವಾಗಿ ನಿಲ್ಲುತ್ತಾಳೆ. ಆ ಮೌನಕ್ಕೆ ಸೊನ್ನೆ ಅಂಕವೆಂದು ಬರೆದರೆ, ಆ ಸೊನ್ನೆ ಆಕೆಯ ಬುದ್ಧಿಗೆ ಸಂದುದೇ, ಪರೀಕ್ಷಕರ ಪ್ರಶ್ನೆಗೆ ಸಂದುದೇ?

ಭಾಷೆಯಂತೆಯೇ ವಸ್ತುಗಳ ಪರಿಚಯವೂ ಮುಖ್ಯವಾದುದು. ಕೊಡಗು ಜಿಲ್ಲೆಯಲ್ಲಿ ಇಂದಿಗೂ ರೈಲುಮಾರ್ಗವಿಲ್ಲ. ದೂರದರ್ಶನವೂ ಬಾರದಿದ್ದ ಕಾಲದಲ್ಲಿ ಘಟ್ಟದ ಹಳ್ಳಿಯ ಮಗುವಿನ ಮುಂದೆ ರೈಲಿನ ಚಿತ್ರವನ್ನಿಟ್ಟು ‘ಇದರಲ್ಲಿ ಯಾವುದು ಕಡಮೆಯಾಗಿದೆ?’ ಎಂದು ಕೇಳಿದ್ದರೆ, ಅದು ಟೆನಿಸ್ ಅಂಗಳದ ಕತೆಯೇ ಆಗುತ್ತಿತ್ತು. ಇದೇ ಪ್ರಶ್ನೆಯನ್ನು ತಿರುಗಿಸಿಯೂ ಕೇಳಬಹುದು. ಹೂಮಳೆ ಬಿದ್ದ ಎಷ್ಟು ದಿನಕ್ಕೆ ಕಾಫಿ ಗಿಡ ಅರಳುತ್ತದೆಂದು ಬೆಂಗಳೂರಿನ ಹುಡುಗನನ್ನು ಕೇಳಿದರೆ ಅವನು ಕಣ್ಣು ಬಿಡುತ್ತಾನೆ. ತೋಟದ ಮನೆಯ ಮಗು ಎಂಟು ಹತ್ತು ದಿನವೆಂದು ಒಡನೆಯೇ ಹೇಳುತ್ತದೆ. ಇಷ್ಟರಿಂದಲೇ ಬೆಂಗಳೂರಿನ ಹುಡುಗ ದಡ್ಡನೆಂದು ಯಾರೂ ಹೇಳುವುದಿಲ್ಲ. ಅವನಿಗೆ ತೋರಿಸುವ ಈ ವಿವೇಕವನ್ನು ಹಾಡಿಯ ಮಗುವಿಗೂ ತೋರಿಸಬೇಕಾದುದು ನ್ಯಾಯ. ಒಂದು ಸಂಖ್ಯೆಯ ಆಧಾರದ ಮೇಲೆ ಮಗುವನ್ನು ಮಂದವೆಂದು ಕರೆದರೆ ಅದರ ವಿದ್ಯಾಭ್ಯಾಸದ ದಾರಿಯೇ ಮುಚ್ಚಿಹೋಗಬಹುದು.

ಅಳತೆಗೋಲನ್ನು ಹೊಂದಿಸುವುದು

ಹಾಗಾದರೆ ಪರೀಕ್ಷೆಗಳನ್ನೇ ಬಿಟ್ಟುಬಿಡಬೇಕೆ? ಅದು ಸರಿಯಾದ ಮಾರ್ಗವಲ್ಲ. ಪರೀಕ್ಷೆಯಿಲ್ಲದಿದ್ದರೆ ಉಪಾಧ್ಯಾಯರ ಊಹೆಯೂ ಪಕ್ಷಪಾತವೂ ಅದರ ಸ್ಥಾನವನ್ನು ಆಕ್ರಮಿಸುತ್ತವೆ. ತಕ್ಕಡಿ ಸರಿಯಿಲ್ಲದಿದ್ದರೆ ತಕ್ಕಡಿಯನ್ನು ತಿದ್ದಬೇಕೇ ಹೊರತು ಕಣ್ಣಂದಾಜಿಗೆ ಹಿಂತಿರುಗಬಾರದು. ಈ ತಿದ್ದುವ ಕೆಲಸವನ್ನೇ ಗೋಪಾಲಸ್ವಾಮಿಯವರ ತಲೆಮಾರಿನ ಭಾರತೀಯ ಮನಶ್ಶಾಸ್ತ್ರಜ್ಞರು ವಹಿಸಿಕೊಂಡರು. 1922ರಲ್ಲಿ ಸಿ. ಎಚ್. ರೈಸ್ ಅವರು ಬಿನೆ ಪರೀಕ್ಷೆಯನ್ನು ಹಿಂದೂಸ್ತಾನಿಗೆ ಅಳವಡಿಸಿದರು. 1930ರ ದಶಕದಲ್ಲಿ ವಿ. ವಿ. ಕಾಮತರು ಅದನ್ನು ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗೆ ಹೊಂದಿಸಿದರು. ‘ಬಿನೆ-ಕಾಮತ್ ಪರೀಕ್ಷೆ’ಯೆಂಬ ಹೆಸರಿನಲ್ಲಿ ಅದು ಬಹುಕಾಲ ನಮ್ಮ ದೇಶದ ಆಸ್ಪತ್ರೆಗಳಲ್ಲಿಯೂ ಬಳಕೆಗೆ ಬಂದಿತು.

ಹೊಂದಿಸುವುದೆಂದರೆ ಬರಿಯ ಭಾಷಾಂತರವಲ್ಲ. ಅದರಲ್ಲಿ ಮೂರು ಮೆಟ್ಟಿಲುಗಳುಂಟು. ಮೊದಲನೆಯದು ಮಾತು: ಮಗು ಮನೆಯಲ್ಲಿ ಕೇಳುವ ನುಡಿಯಲ್ಲಿ ಪ್ರಶ್ನೆ ಇರಬೇಕು. ಎರಡನೆಯದು ವಸ್ತು: ಪ್ರಶ್ನೆಯಲ್ಲಿ ಬರುವ ಪದಾರ್ಥಗಳು ಎಲ್ಲ ಮಕ್ಕಳಿಗೂ ಪರಿಚಿತವಾಗಿರಬೇಕು. ಮೂರನೆಯದು ಮಾನಕ: ಆ ನಾಡಿನ ಬಹುಸಂಖ್ಯೆಯ ಮಕ್ಕಳಿಂದ ಪ್ರಶ್ನೆಗಳಿಗೆ ಉತ್ತರ ಪಡೆದು, ಯಾವ ವಯಸ್ಸಿನವರು ಎಷ್ಟು ಮಾಡಬಲ್ಲರೆಂದು ಹೊಸದಾಗಿ ಗೊತ್ತುಪಡಿಸಬೇಕು. ಪ್ಯಾರಿಸ್ಸಿನ ಏಳು ವರ್ಷದ ಮಗುವಿಗೆ ಸುಲಭವಾದುದು ಪೊನ್ನಂಪೇಟೆಯ ಏಳು ವರ್ಷದ ಮಗುವಿಗೆ ಕಠಿನವಾಗಬಹುದು. ಇಲ್ಲಿ ಸುಲಭವಾದುದು ಅಲ್ಲಿ ಕಠಿನವಾಗಬಹುದು. ಇಷ್ಟಾದ ಮೇಲೆ, ಅದೇ ಮಗುವಿಗೆ ಮತ್ತೊಮ್ಮೆ ಪರೀಕ್ಷೆ ಮಾಡಿದರೆ ಹೆಚ್ಚುಕಡಮೆ ಅದೇ ಫಲ ಬರುವುದೇ, ಅಳೆಯಬೇಕೆಂದುಕೊಂಡುದನ್ನೇ ಪರೀಕ್ಷೆ ಅಳೆಯುತ್ತಿರುವುದೇ ಎಂದೂ ನೋಡಬೇಕು. ಮೊದಲನೆಯ ಗುಣಕ್ಕೆ ವಿಶ್ವಸನೀಯತೆಯೆಂದೂ ಎರಡನೆಯದಕ್ಕೆ ಸಪ್ರಮಾಣತೆಯೆಂದೂ ಹೆಸರು. ದಿನವೂ ತಪ್ಪದೆ ನೂರು ಗ್ರಾಂ ಹೆಚ್ಚು ತೋರಿಸುವ ತಕ್ಕಡಿಗೆ ಮೊದಲನೆಯ ಗುಣವಿದೆ, ಎರಡನೆಯದಿಲ್ಲ.

ಒಮ್ಮೆ ಹೊಂದಿಸಿದ ಅಳತೆ ಶಾಶ್ವತವೂ ಅಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಅನೇಕ ದೇಶಗಳ ಜನರ ಸರಾಸರಿ ಅಂಕಗಳು ತಲೆಮಾರಿನಿಂದ ತಲೆಮಾರಿಗೆ ಏರಿದುದನ್ನು 1980ರ ದಶಕದಲ್ಲಿ ಜೇಮ್ಸ್ ಫ್ಲಿನ್ ಎಂಬುವರು ತೋರಿಸಿಕೊಟ್ಟರು. ಆದುದರಿಂದ ಮಾನಕಗಳನ್ನು ಕಾಲಕಾಲಕ್ಕೆ ನವೀಕರಿಸಬೇಕಾಗುತ್ತದೆ. ಮೈಸೂರಿನಲ್ಲಿಯೇ ಮನಶ್ಶಾಸ್ತ್ರವನ್ನು ಬೋಧಿಸಿದ ಬಿ. ಕುಪ್ಪುಸ್ವಾಮಿಯವರು ನಗರದ ಕುಟುಂಬಗಳ ಸಾಮಾಜಿಕ ಮತ್ತು ಆರ್ಥಿಕ ಸ್ಥಿತಿಯನ್ನು ವಿದ್ಯೆ, ಉದ್ಯೋಗ, ವರಮಾನಗಳಿಂದ ಅಳೆಯುವ ಮಾನಕವೊಂದನ್ನು ರಚಿಸಿದರು. ವೈದ್ಯಕೀಯ ಸಂಶೋಧಕರು ಅದನ್ನು ಈಗಲೂ ಬಳಸುತ್ತಾರೆ. ಅದರಲ್ಲಿನ ವರಮಾನದ ಅಂಕಿಗಳನ್ನು ಮಾತ್ರ ಬೆಲೆಗಳ ಏರಿಕೆಗೆ ತಕ್ಕಂತೆ ಮತ್ತೆ ಮತ್ತೆ ತಿದ್ದುತ್ತ ಬರಬೇಕಾಗಿದೆ.

ವಿಠ್ಠಲ ವಿಹಾರದ ದನಿ

ಈಗ ನಾವು ಆರಂಭದಲ್ಲಿ ಹೇಳಿದ ಮನೆಗೆ ಹಿಂತಿರುಗೋಣ. ಗೋಪಾಲಸ್ವಾಮಿಯವರ ಮನೆಯ ಹೆಸರು ‘ವಿಠ್ಠಲ ವಿಹಾರ’. ಅಲ್ಲಿದ್ದ ಮೊದಲ ಪ್ರಸಾರಯಂತ್ರದ ಶಕ್ತಿ 30 ವ್ಯಾಟ್ ಮಾತ್ರ; ಇಂದಿನ ಒಂದು ಸಾಧಾರಣ ಫ್ಯಾನು ಇದಕ್ಕಿಂತ ಹೆಚ್ಚು ವಿದ್ಯುತ್ತನ್ನು ಬಳಸುತ್ತದೆ. ಮುಂದೆ 250 ವ್ಯಾಟಿನ ಯಂತ್ರವನ್ನು ತರಿಸಲಾಯಿತು. ಖರ್ಚಿನ ಬಹುಭಾಗವನ್ನು ಪ್ರಾಧ್ಯಾಪಕರು ಕೈಯಿಂದಲೇ ಹಾಕಿದರು. ಈ ಕೆಲಸದಲ್ಲಿ ಅವರಿಗೆ ನೆರವಾದವರಲ್ಲಿ ನಾ. ಕಸ್ತೂರಿಯವರೂ ಒಬ್ಬರು. 1940ರ ದಶಕದ ಆದಿಯಲ್ಲಿ ಮೈಸೂರು ಸಂಸ್ಥಾನದ ಸರ್ಕಾರ ನಿಲಯವನ್ನು ತನ್ನ ವಶಕ್ಕೆ ತೆಗೆದುಕೊಂಡಿತು. 1955ರಲ್ಲಿ ಅದು ಬೆಂಗಳೂರಿಗೆ ಹೋಯಿತು. ಆ ದಶಕ ಮುಗಿಯುವುದರೊಳಗೆ ‘ಆಕಾಶವಾಣಿ’ ಎಂಬ ಹೆಸರು ಇಡೀ ದೇಶದ ಬಾನುಲಿಯ ಹೆಸರಾಯಿತು.

ಮನಶ್ಶಾಸ್ತ್ರದ ಅಧ್ಯಾಪಕರಿಗೆ ಬಾನುಲಿಯ ಗೊಡವೆ ಏಕೆಂದು ಅಂದು ಕೆಲವರಿಗಾದರೂ ಅನ್ನಿಸಿರಬೇಕು. ನಮಗೆ ಈ ಎರಡರಲ್ಲಿಯೂ ಒಂದೇ ವಿವೇಕ ಕಾಣುತ್ತದೆ. ಪ್ರಸಾರಯಂತ್ರ ಒಂದು ಅಲೆಯುದ್ದದಲ್ಲಿ ಮಾತನಾಡಿ, ಕೇಳುವವನ ಪೆಟ್ಟಿಗೆ ಬೇರೊಂದು ಅಲೆಯುದ್ದದಲ್ಲಿ ನಿಂತಿದ್ದರೆ, ಅಲ್ಲಿ ಮೌನವಲ್ಲದೆ ಬೇರೇನೂ ಕೇಳದು. ಆ ಮೌನದಿಂದ ಕೇಳುವವನ ಪೆಟ್ಟಿಗೆ ಕೆಟ್ಟಿದೆಯೆಂದು ತೀರ್ಮಾನಿಸುವುದು ಅವಿವೇಕ. ಮನಸ್ಸಿನ ಪರೀಕ್ಷೆಯಲ್ಲಿಯೂ ಹೀಗೆಯೇ. ಎದುರಿನ ಮನಸ್ಸಿಗೆ ಮುಟ್ಟುವ ಮಾತಿನಲ್ಲಿ ಕೇಳಿದ ಮೇಲೆಯೇ ಉತ್ತರವನ್ನು ತೂಗುವ ಅಧಿಕಾರ ನಮಗೆ ಬರುತ್ತದೆ.

ಪ್ರಾಧ್ಯಾಪಕರು ಗತಿಸಿ ದಶಕಗಳೇ ಕಳೆದಿವೆ. ಅವರು ಕಟ್ಟಿದ ವಿಭಾಗದಲ್ಲಿ ಮೈಸೂರಿನ ವಿದ್ಯಾರ್ಥಿಗಳು ಇಂದೂ ಮನಶ್ಶಾಸ್ತ್ರವನ್ನು ಕಲಿಯುತ್ತಿದ್ದಾರೆ. ಅವರ ಮನೆಯ ಬಾನುಲಿಯ ಹೆಸರನ್ನು ಹೊತ್ತ ಮಡಿಕೇರಿಯ ನಿಲಯ ಕನ್ನಡದೊಡನೆ ಕೊಡವ ತಕ್ಕ್ ಮತ್ತು ಅರೆಭಾಷೆಯ ಕಾರ್ಯಕ್ರಮಗಳನ್ನೂ ಬಿತ್ತರಿಸುತ್ತದೆ. ಕೇಳುವವರ ಮಾತಿನಲ್ಲಿಯೇ ಮಾತನಾಡುವುದನ್ನು ಬಾನುಲಿ ಕಲಿತಿದೆ. ನಮ್ಮ ಶಾಲೆಗಳ ಪರೀಕ್ಷೆಗಳು ಅದನ್ನು ಇನ್ನೂ ಪೂರ್ತಿಯಾಗಿ ಕಲಿಯಬೇಕಾಗಿದೆ. ಈ ಲೇಖನವನ್ನೋದುವ ವಿದ್ಯಾರ್ಥಿಗಳಲ್ಲಿ ಕೆಲವರು ನಾಳೆ ಉಪಾಧ್ಯಾಯರಾಗುವರು, ವೈದ್ಯರಾಗುವರು, ಪರೀಕ್ಷಕರಾಗುವರು. ಉತ್ತರ ಹೇಳದೆ ನಿಂತ ಮಗುವೊಂದು ಅವರ ಮುಂದೆ ಬಂದಾಗ, ಅಂಕವನ್ನು ಬರೆಯುವುದಕ್ಕೆ ಮೊದಲು ಪ್ರಶ್ನೆಯನ್ನು ಇನ್ನೊಂದು ಬಗೆಯಲ್ಲಿ ಕೇಳಿನೋಡಲಿ. ಗೋಪಾಲಸ್ವಾಮಿಯವರ ಸ್ಮರಣೆಗೆ ಅದಕ್ಕಿಂತ ಹೆಚ್ಚಿನ ಗೌರವ ಬೇಕಾಗಿಲ್ಲ.